ಯಾಂಗ್‌ಝೌನ ಪುಹಾದಿಂಗ್ ತೋಟ ನೋಡುವಂಥದ್ದೇ?

ನಿಮ್ಮ ಪ್ರಶ್ನೆ ಇದು: "ಕೆಲಸದ ಮೇಲೆ ಶಾಂಘೈಗೆ ಹೋಗ್ತಿದ್ದೀನಿ, ಒಂದು ದಿನ ಯಾಂಗ್‌ಝೌಗೆ ಅಂತ ಇಟ್ಕೊಂಡಿದ್ದೀನಿ. ಅಲ್ಲಿ ಮುಸ್ಲಿಂ ಸಂತರ ಸಮಾಧಿ ಇರೋ ಹಳೇ ಚೀನೀ ತೋಟ ಇದೆಯಂತೆ. ಅದಕ್ಕೆ ಅರ್ಧ ದಿನ ಕೊಡಬಹುದಾ, ಇಲ್ಲ ಹೆಸರಾದ ತೋಟಗಳನ್ನೇ ನೋಡ್ಲಾ?"

ಖಂಡಿತ ಹೋಗಿ. ಅರ್ಧ ದಿನ ಬೇಡ, ಎರಡು ಗಂಟೆ ಸಾಕು. ಆದರೆ ಆ ಎರಡು ಗಂಟೆ ಅವಸರ ಮಾಡಬೇಡಿ. ಶಾಂಘೈಯಲ್ಲಿ ಕೆಲಸಕ್ಕಿದ್ದಾಗ ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಬ್ಬನೇ, ಎರಡನೇ ಸಲ ವಿಜಯಪುರದಿಂದ ಬಂದಿದ್ದ ಅವ್ವನ ಜೊತೆ. ಮೊದಲ ಸಲ ನಾನು ಅದನ್ನು ತೋಟ ಅಂದುಕೊಂಡೇ ನೋಡಿದೆ. ಕೊಳ, ಬಂಡೆ, ಮಂಟಪ ನೋಡಿ, ಇದಕ್ಕಿಂತ ಗೆ ಯುವಾನ್ ಚೆನ್ನಾಗಿದೆ ಅಂತ ಹೊರಟುಬಿಟ್ಟೆ. ಆ ಹೋಲಿಕೆಯೇ ತಪ್ಪು. ಗೆ ಯುವಾನ್ ಒಬ್ಬ ಉಪ್ಪಿನ ವ್ಯಾಪಾರಿ 1818ರಲ್ಲಿ ತನ್ನ ಮನೆಗೆ ಅಂತ ಮಾಡಿಸಿಕೊಂಡ ತೋಟ. ಪುಹಾದಿಂಗ್ ತೋಟದಲ್ಲಿ ಮೊದಲು ಬಂದದ್ದು ಸಮಾಧಿ. ಮಸೀದಿ, ಬೇರೆ ಗೋರಿಗಳು, ಮರಗಿಡ ಎಲ್ಲ ಅದರ ಸುತ್ತ ಬೆಳೆದವು. ನಮ್ಮ ಕಡೆಯವರಿಗೆ ಒಂದೇ ಮಾತಲ್ಲಿ ಹೇಳಬೇಕಂದ್ರೆ ಅದೊಂದು ದರ್ಗಾ.

ಪುಹಾದಿಂಗ್ ಅನ್ನೋದು ಬುರ್ಹಾನುದ್ದೀನ್ ಅನ್ನುವಂಥ ಯಾವುದೋ ಅರಬ್ಬೀ ಹೆಸರು ಚೀನೀ ನಾಲಿಗೆಯಲ್ಲಿ ಪಡೆದ ರೂಪ. ಪ್ರವಾದಿಯವರ ಹದಿನಾರನೆಯ ತಲೆಮಾರಿನವರು ಎಂಬುದು ಅಲ್ಲಿನ ಪರಂಪರೆಯ ಮಾತು. ದಕ್ಷಿಣ ಸಾಂಗ್ ಅರಸರ ಕೊನೆಗಾಲದಲ್ಲಿ, 1265 ಆದಮೇಲಿನ ವರ್ಷಗಳಲ್ಲಿ, ಯಾಂಗ್‌ಝೌಗೆ ಬಂದು ಧರ್ಮಬೋಧನೆ ಮಾಡಿ ಮಸೀದಿ ಕಟ್ಟಿಸಿದರು. ಉತ್ತರದ ಜಿನಿಂಗ್‌ಗೆ ಹೋಗಿ ಮಹಾಕಾಲುವೆಯಲ್ಲಿ ದೋಣಿ ಹತ್ತಿ ವಾಪಸ್ ಬರುವಾಗ, ಯಾಂಗ್‌ಝೌ ಮುಟ್ಟುವ ಹೊತ್ತಿಗೆ ದೋಣಿಯಲ್ಲೇ ತೀರಿಕೊಂಡರಂತೆ. ಅದು 1275. ಅವರ ಇಚ್ಛೆಯಂತೆ ಕಾಲುವೆಯ ಪೂರ್ವ ದಂಡೆಯ ದಿಬ್ಬದ ಮೇಲೆ ಮಣ್ಣು ಮಾಡಿದರು.

ಆ ಇಸವಿಯನ್ನು ದಯವಿಟ್ಟು ತಲೆಯಲ್ಲಿಟ್ಟುಕೊಂಡು ಹೋಗಿ. ಆಗ ಮಂಗೋಲರ ಸೇನೆ ಯಾಂಗ್‌ಝೌ ಮೇಲೆ ಬಿದ್ದಿತ್ತು, ಮರುವರ್ಷ ನಗರ ಅವರ ಕೈಸೇರಿತು. ಇನ್ನೂ ಹಿಂದಕ್ಕೆ ಹೋದರೆ, 760ರಲ್ಲಿ ಇದೇ ಊರಲ್ಲಿ ದಂಗೆ ಅಡಗಿಸಲು ಬಂದ, ಆಗ ಚೀನಾ ಆಳುತ್ತಿದ್ದ ತಾಂಗ್ ಅರಸರ ಸೇನೆಯೇ ಲೂಟಿಗಿಳಿದು ಸಾವಿರಾರು ಅರಬ್, ಪರ್ಷಿಯನ್ ವ್ಯಾಪಾರಿಗಳನ್ನು ಕೊಂದುಹಾಕಿತ್ತು. ಅಂಥ ಊರು, ಅಂಥ ಯುದ್ಧದ ಹೊತ್ತಲ್ಲಿ, ಪರದೇಶದ ಒಬ್ಬ ಹಿರಿಯರನ್ನು ಎತ್ತರದ ಜಾಗದಲ್ಲಿ ಮಲಗಿಸಿ ಏಳೂವರೆ ಶತಮಾನ ಕಾಪಾಡಿಕೊಂಡು ಬಂದಿದೆ. ನಾನು ನಿಮಗೆ ಹೋಗಿ ಅಂತ ಇಷ್ಟು ಒತ್ತಿ ಹೇಳೋದು ಇದಕ್ಕೇ.

ತೋಟದ ಕಡೆಯಿಂದ ಒಳಗೆ ಬಂದರೂ ಮೊದಲು ಕಾಲುವೆಗೆ ಮುಖ ಮಾಡಿರುವ ಹಳೇ ಬಾಗಿಲಿಗೆ ಹೋಗಿ, ನೀರಿಗೆ ಬೆನ್ನು ಕೊಟ್ಟು ನಿಲ್ಲಿ. "ಪಶ್ಚಿಮ ಸೀಮೆಯ ಪೂಜ್ಯ ಹಿರಿಯ ಪುಹಾದಿಂಗರ ಸಮಾಧಿ" ಎಂಬ ಅರ್ಥದ ಚೀನೀ ಅಕ್ಷರಗಳು ಬಾಗಿಲ ಮೇಲಿವೆ. ಅಲ್ಲಿಂದ ಕಲ್ಲಿನ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ, ಎರಡೂ ಬದಿಗೆ ಕೆತ್ತನೆಯ ಕಟಾಂಜನ. ಅವ್ವನಿಗೆ ಮಂಡಿನೋವು, ಹಾಗಾಗಿ ನಿಂತು ನಿಂತು ಹತ್ತಿದೆವು. ಅವರ ದೆಸೆಯಿಂದ ನನಗೂ ಆ ಕೆತ್ತನೆ ಸರಿಯಾಗಿ ಕಣ್ಣಿಗೆ ಬಿತ್ತು.

ಮೇಲೆ ಸಮಾಧಿಯ ಮಂಟಪ. ಹೊರಗಿನಿಂದ ಅಪ್ಪಟ ಚೀನೀ ಕಟ್ಟಡ: ಚೌಕಾಕಾರ, ತುದಿಗೆ ಕೂಡುವ ನಾಲ್ಕಿಳಿಜಾರಿನ ಹೆಂಚಿನ ಮಾಡು. ಕಮಾನು ಬಾಗಿಲಿನಿಂದ ಒಳಗೆ ಬಗ್ಗಿ ಮೇಲೆ ನೋಡಿದರೆ ಇಟ್ಟಿಗೆಯ ಗುಮ್ಮಟ! ಚೌಕದ ಮೂಲೆಗಳಿಂದ ಇಟ್ಟಿಗೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬಾಗಿ ದುಂಡಗಾಗುತ್ತದೆ. ಗೋಳಗುಮ್ಮಟದ ನೆರಳಲ್ಲಿ ಬೆಳೆದ ಅವ್ವ ಒಂದು ಗಳಿಗೆ ಮೇಲೆ ನೋಡಿ, "ಹೊರಗ ಗುಡಿ ಹಂಗ ಐತಿ, ಒಳಗ ಗುಮ್ಮಟ ಐತಲ್ಲೋ!" ಅಂದರು. ಅಲ್ಲಿನ ವಾಸ್ತುವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ನಮ್ಮಲ್ಲಿ ಗುಮ್ಮಟ ಮೈಲುಗಟ್ಟಲೆ ದೂರಕ್ಕೆ ಕಾಣಬೇಕು. ಇಲ್ಲಿ ಅದನ್ನು ಸೂರಿನ ಕೆಳಗೆ ಇಟ್ಟಿದ್ದಾರೆ, ಒಳಗೆ ಹೋದವರಿಗಷ್ಟೇ ಗೊತ್ತಾಗುತ್ತದೆ.

ಗುಮ್ಮಟದ ಕೆಳಗೆ ಐದು ಹಂತದ ಕಲ್ಲಿನ ಗೋರಿ. ಕಣ್ಣು ಹತ್ತಿರ ತಂದು ನೋಡಿ. ಕಲ್ಲಿನ ಮೇಲೆ ಪಿಯೋನಿ ಹೂವು, ಸುರುಳಿ ಸುತ್ತಿದ ಬಳ್ಳಿ, ಚೀನೀ ಮನೆಗಳ ಪೀಠೋಪಕರಣದಲ್ಲಿ ಕಾಣುವಂಥದ್ದೇ. ಅವೇ ಹೂಬಳ್ಳಿಗಳ ನಡುವೆ ಕುರಾನಿನ ಸಾಲುಗಳು ಅರಬ್ಬೀ ಲಿಪಿಯಲ್ಲಿ. ಕೆತ್ತಿದವರಿಗೆ ಹೂವು ಕೈಗೆ ಬಂದದ್ದು, ಅಕ್ಷರ ನೋಡಿ ಕಲಿತದ್ದು ಇರಬೇಕು ಅಂತ ನನಗನ್ನಿಸಿತು. ಆದರೂ ಎರಡಕ್ಕೂ ಒಂದೇ ಶ್ರದ್ಧೆ ಇಟ್ಟಿದ್ದಾರೆ. ಕೈ ಮಾತ್ರ ಹಚ್ಚಬೇಡಿ.

ಆವರಣದಲ್ಲಿ ಯುವಾನ್ ಕಾಲದ, ಅಂದರೆ ಚೀನಾವನ್ನು ಮಂಗೋಲರು ಆಳಿದ ಕಾಲದ, ನಾಲ್ಕು ಗೋರಿಕಲ್ಲುಗಳಿವೆ, ಅವನ್ನು ಕೇಳಿಕೊಂಡಾದರೂ ಹುಡುಕಿ. 1920ರ ದಶಕದಲ್ಲಿ ಊರಿನ ದಕ್ಷಿಣ ಬಾಗಿಲಿನ ಹಳೇ ಕಟ್ಟಡ ಕೆಡವಿದಾಗ ಸಿಕ್ಕವು. ಯಾರದೋ ಗೋರಿಯ ಕಲ್ಲುಗಳು ಶತಮಾನಗಳ ಕಾಲ ಕೋಟೆ ಗೋಡೆಯೊಳಗೆ ಸೇರಿಹೋಗಿದ್ದವು. ಅರಬ್ಬೀ ಬರಹದ ಜೊತೆ ಒಂದರಲ್ಲಿ ಚೀನೀ ಸಾಲೂ ಇದೆ: ಮಂಗೋಲರ ಕೈಕೆಳಗೆ ಹುಯಿಝೌ ಸೀಮೆ ಆಳಿದ ಅಧಿಕಾರಿಯೊಬ್ಬನ ಗುರುತು. ಪಶ್ಚಿಮದಿಂದ ಬಂದು, ಮಂಗೋಲರ ನಂತರದ ಮಿಂಗ್ ಅರಸರ ಕಾಲದಲ್ಲಿ ತೀರಿಕೊಂಡ ಬೇರೆಯವರ ಸಮಾಧಿಗಳೂ ದಿಬ್ಬದ ಮೇಲಿವೆ.

ಊರವರ ಬಾಯಲ್ಲಿ ಈ ಜಾಗಕ್ಕೆ "ಬಾಬಾ ಯಾವೊ" ಎಂಬ ಹೆಸರೂ ಇದೆ. ಬಾಬಾ ಅಂದರೆ ಅಲ್ಲೂ ಹಿರಿಯರೇ. ಇದನ್ನು ಹೇಳಿದ ಮೇಲೆ ಅವ್ವ ಪುಹಾದಿಂಗ್ ಅನ್ನೋದನ್ನೇ ಬಿಟ್ಟರು, ವಾಪಸ್ ಬರುವವರೆಗೂ "ಬಾಬಾರ ಗುಡ್ಡ" ಅಂತಲೇ ಕರೆದರು.

ಕೆಳಗಿನ ತೋಟದ ಭಾಗಕ್ಕೆ ಅರ್ಧ ಗಂಟೆ ಸಾಕು. ಉಳಿದ ಸಮಯದಲ್ಲಿ ಟ್ಯಾಕ್ಸಿ ಹಿಡಿದು ಪುಹಾದಿಂಗರೇ ಕಟ್ಟಿಸಿದ್ದು ಎನ್ನುವ ಷಿಯಾನ್‌ಹೆ ಮಸೀದಿಗೆ ಹೋಗಿ. ಹೆಸರಿನ ಅರ್ಥ ಕೊಕ್ಕರೆ ಜಾತಿಯ ದೇವಪಕ್ಷಿ. ಹೆಬ್ಬಾಗಿಲು ತಲೆ, ಓಣಿಯಂಥ ದಾರಿ ಕತ್ತು, ಪ್ರಾರ್ಥನಾ ಮಂದಿರ ಮೈ, ಎರಡು ಬಾವಿ ಕಣ್ಣು ಅಂತ ಊರವರು ವಿವರಿಸುತ್ತಾರೆ. ಈಗಲೂ ನಮಾಜು ನಡೆಯುವ ಮಸೀದಿ, ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿಗೆ ಹೋಗಿ. ಎರಡೂ ಕಡೆ ತೋಳು, ಮಂಡಿ ಮುಚ್ಚುವ ಬಟ್ಟೆ ಇರಲಿ. ಗೋರಿ ಹತ್ತಿರ ಯಾರಾದರೂ ದುವಾ ಮಾಡುತ್ತಿದ್ದರೆ ಫೋಟೊ ಬೇಡ.

ಹೋಗುವುದು ಸುಲಭ. ಶಾಂಘೈಯಿಂದ ಯಾಂಗ್‌ಝೌ ಪೂರ್ವ ನಿಲ್ದಾಣಕ್ಕೆ ವೇಗದ ರೈಲಿದೆ. ಟ್ಯಾಕ್ಸಿಯವರಿಗೆ "ಜಿಯೆಫಾಂಗ್ ಸೇತುವೆ" ಅಂತ ಚೀನೀಯಲ್ಲಿ ಬರೆದು ತೋರಿಸಿ, ತೋಟ ಅದರ ಪಕ್ಕದಲ್ಲೇ. ಮೊಬೈಲಲ್ಲಿ ಹಣ ಕೊಡಲು ಅಲಿಪೇ ಆ್ಯಪ್ ಹಾಕಿಕೊಂಡು ಭಾರತದಲ್ಲೇ ಕಾರ್ಡ್ ಜೋಡಿಸಿಕೊಳ್ಳಿ. ಸಸ್ಯಾಹಾರಿಯಾದರೆ ಬಿಸಿನೀರಲ್ಲಿ ಅದ್ದಿದ, ನೂಲಿನಂತೆ ಹೆಚ್ಚಿದ ಸೋಯಾ ಪನೀರು ಕೇಳಿ. ಒಣ ಸಿಗಡಿ ಹಾಕುವುದುಂಟು, ಬೇಡ ಅಂತ ಮೊದಲೇ ಹೇಳಬೇಕು.

ನವೆಂಬರ್ ಕೊನೆಗೆ ಹೋಗುವ ಹಾಗಿದ್ದರೆ ನಿಮ್ಮ ಅದೃಷ್ಟ. ಏಳುನೂರು ವರ್ಷದ್ದು ಅನ್ನುವ ಗಿಂಕೊ ಮರ ಅಲ್ಲಿದೆ, ಆಗ ಪೂರ್ತಿ ಹಳದಿಯಾಗಿರುತ್ತದೆ. ಅವ್ವ ಅದರ ಬೀಸಣಿಗೆಯಂಥ ಎಲೆ ಎರಡನ್ನು ನೆಲದಿಂದ ಆರಿಸಿ ಸೆರಗಿಗೆ ಕಟ್ಟಿಕೊಂಡು ಬಂದಿದ್ದರು. ಒಂದು ಈಗಲೂ ವಿಜಯಪುರದ ಮನೆಯ ಜಗಲಿಯ ಮೇಲಿದೆ.