ಪ್ರತಿಕ್ರಿಯೆ: ಕೆಲಸ ಬಿಡೋ ಮೊದಲು ಮನೆಯ ಜವಾಬ್ದಾರಿ ಹಂಚಿ ನೋಡಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಲ್ಲಿ ಓಡಾಟ, ಅತ್ತೆ ‘ಅಡುಗೆಮನೆ ಹೆಂಗಸರದ್ದು’ ಅಂತಾರೆ, ಯಜಮಾನರು ‘ಹೇಳಿದ್ರೆ ಮಾಡ್ತೀನಿ’ ಅಂತಾರೆ, ಕೆಲಸ ಬಿಡಲಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ನೆನಪಿಟ್ಟು ಹೇಳಿ ಮಾಡಿಸೋ ಹೊರೆಯೂ ನಿಮ್ಮದೇ ಆದರೆ ಏನೂ ಹಗುರಾಗಲ್ಲ. ಯಜಮಾನರಿಗೆ ಬಿಡಿಬಿಡಿಯಾಗಿ ಕೆಲಸ ಹೇಳಬೇಡಿ, ಒಂದು ಜವಾಬ್ದಾರಿ ಇಡಿಯಾಗಿ ಕೊಡಿ. ಮಗುವಿನ ಬೆಳಗ್ಗೆ ಪೂರ್ತಿ ಅವರದ್ದಾಗಲಿ: ಎಬ್ಬಿಸೋದು, ಸ್ನಾನ, ತಿಂಡಿ, ಡಬ್ಬಿ, ಸ್ಕೂಲಿನ ವಾಟ್ಸಾಪ್ ಗ್ರೂಪು ನೋಡೋದೂ ಸೇರಿ. ಶುರುವಿನಲ್ಲಿ ದೋಸೆ ಸೀಯುತ್ತೆ. ಮಳೆಗಾಲದಲ್ಲಿ ಯೂನಿಫಾರ್ಮನ್ನು ಹಿಂದಿನ ರಾತ್ರಿಯೇ ಬಚ್ಚಲೊಲೆ ಹತ್ತಿರ ಹರವಬೇಕು ಅನ್ನೋದು ಮರೆತೂ ಹೋಗುತ್ತೆ. ಕೈ ಹಾಕಬೇಡಿ, ಅವರೇ ಕಲೀತಾರೆ.

ಹೆಚ್ಚಾಗಿ ಕೆಡೋದು ಬೇರೆ ಕಡೆ. ಮಗ ಸೌಟು ಹಿಡಿದದ್ದು ನೋಡಲಾರದೆ ಅತ್ತೆ ಆ ಕೆಲಸ ತಾವೇ ಎಳೆದುಕೊಳ್ತಾರೆ. ‘ಬಿಡಮ್ಮ, ನಾನೇ ಮಾಡ್ತೀನಿ’ ಅಂತ ಹೇಳಬೇಕಾದ್ದು ಅವರ ಮಗ, ನೀವಲ್ಲ.

ಅಡಿಕೆ ಕೊಯ್ಲು ಬಂದರೆ ಈ ಏರ್ಪಾಟು ಮುರಿಯುತ್ತೆ. ಕೊನೆಗಾರರ (ಮರ ಹತ್ತಿ ಅಡಿಕೆ ಗೊನೆ ಕೊಯ್ಯೋರ) ಊಟ, ರಾತ್ರಿ ಅಡಿಕೆ ಸುಲಿತ ಎರಡೂ ನಿಮ್ಮ ತಲೆಗೇ ಬರುತ್ತೆ. ಅಡುಗೆಗೆ ಜನ ಇಡೋ ಕೂಲಿಯನ್ನು ತೋಟದ ಖರ್ಚಿಗೇ ಸೇರಿಸಿ ಅಂತ ದಸರಾಕ್ಕೆ ಮೊದಲೇ ಮಾತಾಡಿಕೊಳ್ಳಿ.