ಬಾಗಿಸಿದಷ್ಟೂ ಗಡುಸಾಗುವ ತಾಮ್ರ

ಪ್ರಶ್ನೆ: ದಪ್ಪ ತಾಮ್ರದ ತಂತಿಯನ್ನು ಹಲವು ಸಲ ಬಾಗಿಸಿ ನೆಟ್ಟಗೆ ಮಾಡಿದರೆ ಗಡುಸಾಗಿ ಕೊನೆಗೆ ಮುರಿಯುತ್ತದೆ. ಮತ್ತೆ ಮೆದು ಮಾಡಬಹುದೇ?

ಉತ್ತರ: ಖಂಡಿತ, ಬಿರುಕು ಬಿಡುವ ಮೊದಲೇ ಮಾಡಬೇಕು. ಬಾಗಿಸಿದಾಗ ಲೋಹದ ಹರಳುಗಳೊಳಗಿನ ಪರಮಾಣು ಪದರಗಳು ಜಾರುತ್ತವೆ. ಆಗ ಹುಟ್ಟುವ ದೋಷಗಳು ಒಂದಕ್ಕೊಂದು ಸಿಕ್ಕಿಕೊಂಡು ಮುಂದಿನ ಜಾರಿಕೆಯನ್ನು ತಡೆಯುತ್ತವೆ. ಕಾಯಿಸಿದರೆ ದೋಷವಿಲ್ಲದ ಹೊಸ ಹರಳುಗಳು ಮೂಡುತ್ತವೆ.

ಮೊದಲು ತಂತಿಯ ಹೊದಿಕೆಯನ್ನು ಪೂರ್ತಿ ತೆಗೆಯಿರಿ. ಸುಟ್ಟರೆ ವಿಷದ ಹೊಗೆ. ಮಬ್ಬು ಬೆಳಕಿನಲ್ಲಿ ಜ್ವಾಲೆಯನ್ನು ಆಡಿಸುತ್ತ, ಮಂದ ಕೆಂಪು ಕಾಣುವವರೆಗೆ (ಸುಮಾರು 600 ಡಿಗ್ರಿ ಸೆಲ್ಸಿಯಸ್) ಕಾಯಿಸಿ. ಬಿಸಿಲಿನಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಕರಗುವ ಬಿಂದು 1085 ಡಿಗ್ರಿ ಎಂದು ನಿಶ್ಚಿಂತೆಯಿಂದ ಕಾಯಿಸುತ್ತಲೇ ಇದ್ದರೆ ಹರಳುಗಳು ದೊಡ್ಡದಾಗಿ, ಬಾಗಿಸಿದಾಗ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಸಾಮಾನ್ಯ ವಿದ್ಯುತ್ ತಾಮ್ರದಲ್ಲಿ ತುಸು ಆಮ್ಲಜನಕವಿರುತ್ತದೆ. ಹೈಡ್ರೋಜನ್ ಹೆಚ್ಚಿರುವ ಜ್ವಾಲೆ ತಾಕಿದರೆ ಒಳಗೇ ಹಬೆಯುಂಟಾಗಿ ಲೋಹ ಬಿರುಕು ಬಿಡುತ್ತದೆ.

ಕಾದ ಮೇಲೆ ನೀರಿಗೆ ಅದ್ದಬಹುದು; ಉಕ್ಕಿನ ಹಾಗೆ ತಾಮ್ರ ಗಟ್ಟಿಯಾಗದು. ಕೂತ ಕಪ್ಪು ಪದರ ಕ್ಯುಪ್ರಿಕ್ ಆಕ್ಸೈಡ್. ಒಂದು ಲೀಟರ್ ಬೆಚ್ಚನೆಯ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ನೆನೆಸಿದರೆ ಬಿಡುತ್ತದೆ. ಆಮೇಲೆ ತೊಳೆದು ಒರೆಸಿ.

ಪ್ರಶ್ನೆ: ತಾಮ್ರದ ತಂತಿಗೆ ಅಲ್ಯೂಮಿನಿಯಂ ತಂತಿಯನ್ನು ನೇರವಾಗಿ ಸುತ್ತಬಹುದೇ?

ಉತ್ತರ: ಬೇಡ. ತೇವ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಅದರ ಆಕ್ಸೈಡ್ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದೆ ಜೋಡಣೆ ಬಿಸಿಯಾಗುತ್ತದೆ. ಎರಡೂ ಲೋಹಗಳಿಗೆಂದೇ ಮಾಡಿದ ಕನೆಕ್ಟರ್ ಬಳಸಿ.