ಲಾಭದ ಲೆಕ್ಕ ಆಮೇಲೆ, ಮೊದಲು ಕೊಳೆತದ್ದರ ಲೆಕ್ಕ

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರದ ಸಾರ ಇದು: "ನಮ್ಮ ಭಾವ ಹಣ್ಣಿನ ಸಗಟು ವ್ಯಾಪಾರ ಮಾಡುತ್ತಾರೆ. ಬಾಳೆ, ಸೇಬು, ದ್ರಾಕ್ಷಿ ಎಲ್ಲಾ ಇದೆ. ಕೋಲ್ಡ್ ಸ್ಟೋರೇಜ್ ಕಟ್ಟಿಸಬೇಕು, ನಿನ್ನ ನಿವೃತ್ತಿ ಹಣದಲ್ಲಿ ಅರ್ಧ ಹಾಕಿ ಪಾಲುದಾರನಾಗು ಅನ್ನುತ್ತಿದ್ದಾರೆ. ನೂರಕ್ಕೆ ಇಪ್ಪತ್ತೈದು ಲಾಭ ಗ್ಯಾರಂಟಿಯಂತೆ. ಹಾಕಬಹುದೇ? ಆಗಲ್ಲ ಅಂದರೆ ಅಕ್ಕನಿಗೆ ಬೇಜಾರು."

ಅಕ್ಕನ ಬೇಜಾರಿಗೆ ನನ್ನ ಹತ್ತಿರ ಮದ್ದಿಲ್ಲ. ದುಡ್ಡಿನ ಮಾತಾಡೋಣ.

ಆ ಇಪ್ಪತ್ತೈದು ಸಿಗುವುದು ತಂದ ಹಣ್ಣೆಲ್ಲ ಮಾರಿಹೋದರೆ ಮಾತ್ರ. ಹಣ್ಣು ಕಿತ್ತ ಮೇಲೂ ಉಸಿರಾಡುತ್ತದೆ, ನೀರು ಆರುತ್ತದೆ, ತೂಕ ಇಳಿಯುತ್ತದೆ. ಕ್ರೇಟಿಗೆ ನೂರು ರೂಪಾಯಿ ಅಸಲಿನಂತೆ 100 ಕ್ರೇಟು ತಂದರು, 12 ಕ್ರೇಟಿನಷ್ಟು ಹಾಳಾಯಿತು ಅನ್ನಿ. ಉಳಿದ 88 ಕ್ರೇಟನ್ನು 125ರಂತೆ ಮಾರಿದರೆ ಬರುವುದು 11,000. ಹಾಕಿದ್ದು 10,000. ಇಪ್ಪತ್ತೈದು ಹೋಗಿ ಹತ್ತಾಯಿತು. ಲಾರಿ ಬಾಡಿಗೆ, ಕೂಲಿ, ಕರೆಂಟು ಎಲ್ಲ ಆ ಹತ್ತರಲ್ಲೇ ಕಳೆಯಬೇಕು.

ಹಾಗಂತ ಹತ್ತು ಕಡಿಮೆಯೇನಲ್ಲ, ಅದೇ ದುಡ್ಡು ವಾರಕ್ಕೆ ಎರಡು ಸಲ ತಿರುಗಿ ಬಂದರೆ. ಹಣ್ಣಿನವರು ಬದುಕುವುದೇ ಈ ತಿರುಗಿಸುವುದರಲ್ಲಿ. ಹಾಗಾಗಿ ಭಾವನವರ ಹತ್ತಿರ ಮೊದಲು ಕೇಳಬೇಕಾದ್ದು ಲಾಭದ ಪುಸ್ತಕವಲ್ಲ, ಬಿಸಾಕಿದ ಹಣ್ಣಿನ ಲೆಕ್ಕ. ಯಾವ ದಿನ, ಯಾವ ಹಣ್ಣು, ಎಷ್ಟು ಕೆಜಿ, ಅರ್ಧ ಬೆಲೆಗೆ ತಳ್ಳಿದ್ದೆಷ್ಟು. ಬರೆದಿಟ್ಟಿಲ್ಲ ಅಂದರೆ ಒಂದು ತಿಂಗಳು ಬರೆಯಲಿ. ನೀವೂ ಒಂದು ದಿನ ಮಾಲು ಇಳಿಸುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ಕ್ರೇಟಿನ ಮೇಲಿನ ಸಾಲು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಕೆಳಗಿನ ಸಾಲಿಗೆ ಕೈ ಹಾಕಿ. ಒತ್ತಿ ಮೆತ್ತಗಾದದ್ದು, ತೊಟ್ಟಿನ ಹತ್ತಿರ ಬೂಷ್ಟು ಹಿಡಿದದ್ದು ಎಷ್ಟಿದೆ, ಅದನ್ನು ಅಲ್ಲೇ ಆರಿಸಿ ತೆಗೆಯುತ್ತಾರಾ ಅಥವಾ ಹಾಗೇ ಒಳಗೆ ಪೇರಿಸುತ್ತಾರಾ ನೋಡಿ. ಬೂಷ್ಟು ಒಂದರಿಂದ ಪಕ್ಕದ್ದಕ್ಕೆ ಹಬ್ಬುತ್ತದೆ. ಇಷ್ಟು ನೋಡಿದರೆ ವ್ಯಾಪಾರ ಹೇಗಿದೆ ಅಂತ ಅರ್ಧ ಗೊತ್ತಾಗುತ್ತದೆ.

ಇನ್ನು ಕೋಲ್ಡ್ ಸ್ಟೋರೇಜ್. ಒಂದೇ ಕೋಣೆಯಲ್ಲಿ ಎಲ್ಲಾ ಹಣ್ಣು ಇಡುವ ಯೋಚನೆ ಇದ್ದರೆ ಅಲ್ಲೇ ನಿಲ್ಲಿಸಿ. ಸೇಬು, ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು ಬೇಕು. ಬಾಳೆಗೆ 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಿಡುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಸೇಬು ಎಥಿಲೀನ್ ಅನಿಲ ಬಿಡುತ್ತದೆ, ಪಕ್ಕದಲ್ಲಿ ಕಾಯಿಬಾಳೆ ಇದ್ದರೆ ಬೇಗ ಮಾಗಿಬಿಡುತ್ತದೆ. ದ್ರಾಕ್ಷಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ, ಹುಳಿ ಇದ್ದದ್ದು ಹುಳಿಯೇ. ತಣ್ಣನೆ ಕೋಣೆ ಹಾಳಾಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಕೆಟ್ಟ ಮಾಲನ್ನು ಒಳ್ಳೆಯದು ಮಾಡುವುದಿಲ್ಲ. ಸೇಬನ್ನು ತಿಂಗಳುಗಟ್ಟಲೆ ಇಟ್ಟು ಸೀಸನ್ ಮುಗಿದ ಮೇಲೆ ಮಾರುವವರಿಗೆ ಅದು ಬೇಕೇ ಬೇಕು. ಮೂರು ದಿನದಲ್ಲಿ ಮಾರುವವರಿಗೆ? ನನಗೆ ಅನುಮಾನ. ಕೋಣೆ ಇದೆಯಲ್ಲ, ರೇಟು ಏರಲಿ ಅಂತ ಕಾಯುವ ಚಟ ಬೇರೆ ಹತ್ತಿಕೊಳ್ಳುತ್ತದೆ. ಕೋಣೆ ಕಟ್ಟಲು ಸಾಲ ಮಾಡಿದ್ದರೆ, ಅದು ಖಾಲಿ ಇದ್ದರೂ ಕಂತು ತಪ್ಪಲ್ಲ.

ಉದ್ರಿ ಬಗ್ಗೆ ನೀವು ಬರೆದಿಲ್ಲ. ಕೇಳಿ. ಮೂರು ದಿನಕ್ಕೊಮ್ಮೆ ನಗದು ಕೊಟ್ಟು ಮಾಲು ತಂದು, ಅಂಗಡಿಗಳಿಗೆ 30 ದಿನ ಉದ್ರಿ ಕೊಟ್ಟರೆ ಹತ್ತು ಲೋಡಿನ ದುಡ್ಡು ಹೊರಗೆ ಸಿಕ್ಕಿಹಾಕಿಕೊಂಡಿರುತ್ತದೆ. ಎಷ್ಟೋ ಸಲ ಕೋಣೆಗೆ ಅಂತ ಬಂದ ದುಡ್ಡು ಈ ಹಳ್ಳ ತುಂಬಲು ಹೋಗುತ್ತದೆ.

ನಾನಾದರೆ ಅರ್ಧ ಹಣ ಕೊಡುವುದಿಲ್ಲ. ಕಳೆದುಕೊಂಡರೂ ನಿದ್ದೆ ಕೆಡದಷ್ಟು ಕೊಡುತ್ತೇನೆ, ಅದೂ ಒಂದೇ ಹಣ್ಣಿಗೆ, ಒಂದೇ ಸೀಸನ್ನಿಗೆ. ಕೋಣೆ ಬೇಕೇ ಬೇಕು ಅನ್ನುವುದಾದರೆ ಆ ಸೀಸನ್ನಿಗೆ ಬಾಡಿಗೆಗೆ ಹಿಡಿಯಲಿ. ನಷ್ಟವಾದರೆ ಯಾರಿಗೆ ಎಷ್ಟು, ದುಡ್ಡು ವಾಪಸ್ ಬೇಕಾದರೆ ಎಷ್ಟು ದಿನದಲ್ಲಿ, ಇವೆರಡನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಅಕ್ಕನಿಗೂ ಒಂದು ಪ್ರತಿ ಕೊಡಿ.